ಒಳಗಿನವನ ಕಥೆ ಹೊರಗಿನವರಿಗೆ: ಜೈಲಿನ ಸಿನಿಮಾಕ್ಕೆ ಹಿನ್ನೆಲೆ ದನಿ ಬರೆಯುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಕಿರುಚಿತ್ರಕ್ಕೆ ಹಿನ್ನೆಲೆ ಮಾತು ಬರೆದುಕೊಟ್ಟಿದ್ದೆ. ಹದಿನೈದು ನಿಮಿಷದ ಚಿತ್ರ, ಮಾಡದ ತಪ್ಪಿಗೆ ಜೈಲು ಸೇರಿದವನ ಕಥೆ. ಅವನೇ ಹೇಳಿಕೊಳ್ಳುತ್ತಾನೆ: ‘ನಾನು ನಿರಪರಾಧಿ. ಆದರೆ ಈ ಗೋಡೆಗಳಿಗೆ ಅದು ಹೇಗೆ ಗೊತ್ತಾಗಬೇಕು?’ ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಬಂದದ್ದು ನನಗೊಬ್ಬನಿಗೇ ಎಂದು ಆಮೇಲೆ ತಿಳಿಯಿತು. ತೋರಿಸಿದ ದಿನ ಹಿಂದಿನ ಸಾಲಿನಿಂದ ಒಂದು ದನಿ, ‘ಒಳಗೆ ಹೋದೋರೆಲ್ಲ ಹಂಗೇ ಅಂತಾರೆ ಬಿಡಪ್ಪ’ ಅಂದಿತು. ನಾಲ್ಕು ಜನ ನಕ್ಕರು. ಮುಂದಿನ ಹದಿನಾಲ್ಕು ನಿಮಿಷ ಚಿತ್ರ ಓಡಿತು, ಯಾರೂ ನೋಡಲಿಲ್ಲ.

ಆ ಮನುಷ್ಯ ಹೇಳಿದ್ದು ಸರಿಯಾಗಿಯೇ ಇತ್ತು. ಜೈಲಿನ ಕಥೆಗೂ ಬೇರೆ ಕಥೆಗಳಿಗೂ ಇರುವ ವ್ಯತ್ಯಾಸವೇ ಅದು. ಕೈದಿ ತೆರೆಯ ಮೇಲೆ ಬರುವ ಮೊದಲೇ ನೋಡುಗ ಒಂದು ತೀರ್ಪು ಇಟ್ಟುಕೊಂಡು ಕೂತಿರುತ್ತಾನೆ. ಆ ತೀರ್ಪನ್ನು ವಾದ ಮಾಡಿ ಬದಲಾಯಿಸಲು ಆಗುವುದಿಲ್ಲ, ಕೋರ್ಟಿನಲ್ಲೇ ಆಗದ ಕೆಲಸ ಅದು. ಹಿನ್ನೆಲೆ ದನಿ ಮಾಡುವ ಕೆಲಸ ಬೇರೆ. ನೋಡುಗನ ಹಾಗೆಯೇ ತೀರ್ಪು ಇಟ್ಟುಕೊಂಡ ಇನ್ನೊಬ್ಬನನ್ನು ಅವನ ಪಕ್ಕ ಕೂರಿಸಿ, ಆ ಇನ್ನೊಬ್ಬ ನಿಧಾನವಾಗಿ ಬದಲಾಗುವುದನ್ನು ಕೇಳಿಸುವುದು. ಹೀಗಾಗಿ ನೋಡುಗನ ಮನಸ್ಸು ಒಲಿಯುವುದು ಮೊದಲು ಹೇಳುವವನಿಗೆ, ಅವನ ಮೂಲಕ ಕಥಾನಾಯಕನಿಗೆ.

ಇದನ್ನು ಕಲಿಯಲು ನನಗೆ ಸಿಕ್ಕ ಅತ್ಯುತ್ತಮ ಪಠ್ಯ 1994ರ ‘ದಿ ಶಾಶಾಂಕ್ ರಿಡೆಂಪ್ಶನ್’. ಫ್ರಾಂಕ್ ಡರಬಾಂಟ್ ನಿರ್ದೇಶನ, ಸ್ಟೀಫನ್ ಕಿಂಗ್ ಅವರ 1982ರ ನೀಳ್ಗತೆ ಆಧಾರ, ಮಾರ್ಗನ್ ಫ್ರೀಮನ್ ದನಿ. ಎಲ್ಲರೂ ನೋಡಿರುವ ಚಿತ್ರ ಎಂಬುದೇ ಇದರ ಅನುಕೂಲ, ಕಥೆ ಗೊತ್ತಿರುವುದರಿಂದ ಕಿವಿಗೆ ಬಿಡುವು ಸಿಗುತ್ತದೆ. ನಡುನಡುವೆ ಎರಡು ಫ್ರೆಂಚ್ ಚಿತ್ರಗಳನ್ನೂ ಎಳೆದು ತರುತ್ತೇನೆ. ಇನ್ನೂ ನೋಡದವರು ಮೊದಲು ನೋಡಿ ಬನ್ನಿ, ಮುಂದೆ ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ.

1. ಕಣ್ಣು ಮುಚ್ಚಿ ಒಂದು ಸಲ, ಕಿವಿ ಮುಚ್ಚಿ ಒಂದು ಸಲ

ಬರೆಯುವ ಮುಂಚೆ ಕೇಳುವುದನ್ನು ಕಲಿಯಬೇಕು. ಒಂದು ನೋಟ್‌ಬುಕ್ ತಗೊಂಡು ಮೂರು ಕಾಲಂ ಎಳೆಯಿರಿ: ದನಿ ಶುರುವಾದ ನಿಮಿಷ, ಆಗ ತೆರೆಯ ಮೇಲೆ ಏನಿದೆ, ದನಿ ಹೇಳುತ್ತಿರುವುದು ಏನು. ಮೊದಲ ಸಲ ಟೀವಿಗೆ ಬೆನ್ನು ಮಾಡಿ ಕೂತು ಕೇಳಿ. ಎರಡನೇ ಸಲ ಸದ್ದು ಪೂರ್ತಿ ತೆಗೆದು ನೋಡಿ. ಎರಡನೆಯದು ಬೇಸರ ತರಿಸುತ್ತದೆ, ಆದರೂ ಬಿಡಬೇಡಿ. ದನಿ ಇಲ್ಲದೆ ಯಾವ ದೃಶ್ಯ ಸಪ್ಪೆಯಾಯಿತು, ಯಾವುದು ದನಿಯ ಹಂಗೇ ಇಲ್ಲದೆ ನಿಂತಿತು ಎಂಬುದು ಅಲ್ಲೇ ತಿಳಿಯುವುದು.

ಹೀಗೆ ಮಾಡಿದಾಗ ಮೊದಲು ಕಾಣುವುದು, ಚಿತ್ರದ ಆರಂಭದಲ್ಲಿ ಹಿನ್ನೆಲೆ ದನಿಯೇ ಇಲ್ಲ ಎಂಬ ಸಂಗತಿ. ಕುಡಿದು ಕಾರಿನಲ್ಲಿ ಕೂತ ಬ್ಯಾಂಕ್ ಅಧಿಕಾರಿ ಆ್ಯಂಡಿ ಡುಫ್ರೇನ್, ತೊಡೆಯ ಮೇಲೆ ಪಿಸ್ತೂಲು. ನಡುನಡುವೆ ಕೋರ್ಟು; ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದ ಆರೋಪ ಅವನ ಮೇಲೆ. ಆರು ಗುಂಡಿನ ರಿವಾಲ್ವರ್, ಆದರೆ ಹಾರಿದ್ದು ಎಂಟು ಗುಂಡು. ಅಂದರೆ ನಿಂತು ಮತ್ತೆ ಗುಂಡು ತುಂಬಿಕೊಂಡಿದ್ದಾನೆ ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ. ನ್ಯಾಯಾಧೀಶರಿಗೆ ಇವನ ತಣ್ಣಗಿನ ಮುಖ ನೋಡಿಯೇ ಮೈ ನಡುಗುತ್ತದೆ. ಎರಡು ಜೀವಾವಧಿ. ಇಷ್ಟೂ ಹೊತ್ತು ಯಾವ ಗೆಳೆಯನ ದನಿಯೂ ನಮ್ಮ ಕಿವಿಯಲ್ಲಿ ‘ಪಾಪ’ ಅನ್ನುವುದಿಲ್ಲ. ನೋಡುಗನೂ ನ್ಯಾಯಾಧೀಶರ ಜೊತೆ ಸೇರಿ ತೀರ್ಪು ಕೊಟ್ಟುಬಿಡಲಿ ಎಂದು ಚಿತ್ರ ಸುಮ್ಮನೆ ಕಾಯುತ್ತದೆ.

2. ಹೇಳುವವನು ಯಾರು ಎಂಬುದನ್ನು ಮೊದಲು ತೀರ್ಮಾನಿಸಿ

ನಾನು ಎಡವಿದ್ದು ಇಲ್ಲಿ. ನಿರಪರಾಧಿಯ ಬಾಯಿಂದಲೇ ನಿರಪರಾಧದ ಕಥೆ ಹೇಳಿಸಿದ್ದೆ. ಶಾಶಾಂಕ್‌ನಲ್ಲಿ ಆ್ಯಂಡಿ ಹಿನ್ನೆಲೆಯಲ್ಲಿ ತನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ. ಹೇಳುವವನು ರೆಡ್, ಹೊರಗಿನ ಸಾಮಾನನ್ನು ಕಳ್ಳದಾರಿಯಲ್ಲಿ ಒಳಗೆ ತರಿಸಿಕೊಡುವ ಹಳೇ ಕೈದಿ. ನಾವು ಅವನನ್ನು ಮೊದಲು ನೋಡುವುದು ಪೆರೋಲ್ ಮಂಡಳಿಯ ಎದುರು, 1947ರಲ್ಲಿ. ಇಪ್ಪತ್ತು ವರ್ಷ ಕಳೆದಿವೆ. ಟೋಪಿ ಕೈಯಲ್ಲಿ ಹಿಡಿದು, ತಾನು ಬದಲಾಗಿದ್ದೇನೆ ಎಂದು ಬಾಯಿಪಾಠ ಒಪ್ಪಿಸುತ್ತಾನೆ. ಅರ್ಜಿ ತಿರಸ್ಕೃತ. ನಮ್ಮಲ್ಲಿ ಸ್ವಾತಂತ್ರ್ಯ ದಿನಕ್ಕೋ ಗಣರಾಜ್ಯೋತ್ಸವಕ್ಕೋ ‘ಸನ್ನಡತೆ ಆಧಾರದ ಮೇಲೆ ಬಿಡುಗಡೆ’ ಎಂಬ ಸುದ್ದಿ ಬರುತ್ತದಲ್ಲ, ಆ ಸನ್ನಡತೆಯನ್ನು ನಟಿಸಿ ತೋರಿಸಬೇಕಾದ ಕೋಣೆ ಅದು.

ಹೊರಗೆ ಅಂಗಳಕ್ಕೆ ಬಂದಮೇಲೆ ಅದೇ ಮನುಷ್ಯನ ಇನ್ನೊಂದು ದನಿ ನಮಗೆ ಕೇಳಿಸುತ್ತದೆ. ಆರಾಮವಾಗಿ, ತನ್ನನ್ನು ತಾನೇ ಸ್ವಲ್ಪ ಲೇವಡಿ ಮಾಡಿಕೊಳ್ಳುತ್ತಾ, ತಾನು ಇಲ್ಲಿ ಏನು ವ್ಯಾಪಾರ ಮಾಡುತ್ತೇನೆ ಎಂದು ಹೇಳುವ ದನಿ. ಮಂಡಳಿಗೆ ಒಂದು ದನಿ, ನಮಗೆ ಒಂದು. ನಮಗೆ ಕೊಟ್ಟದ್ದೇ ಅಸಲಿ ಎಂದು ನಾವು ಅಲ್ಲೇ ನಂಬಿಬಿಡುತ್ತೇವೆ, ಯಾಕೆಂದರೆ ನಕಲಿಯನ್ನು ಈಗಷ್ಟೇ ಕೇಳಿ ಬಂದಿದ್ದೇವೆ. ನಿಮ್ಮ ಚಿತ್ರದಲ್ಲೂ ಹೀಗೆ ಮಾಡಿ: ಹಿನ್ನೆಲೆ ದನಿ ಶುರುವಾಗುವ ಮೊದಲು, ಅದೇ ಮನುಷ್ಯ ಬೇರೆ ಯಾರದೋ ಎದುರು ಬಾಯಿ ಬಿಗಿಹಿಡಿದು ಮಾತಾಡುವ ಒಂದು ದೃಶ್ಯ ಇಡಿ. ಮುಂದೆ ಅವನು ಪಿಸುಮಾತಿನಲ್ಲಿ ಹೇಳಿದ್ದೆಲ್ಲ ಗುಟ್ಟಿನಂತೆ ಕೇಳಿಸುತ್ತದೆ.

ಇನ್ನೊಂದು ಸೂಕ್ಷ್ಮ. ಜೈಲಿನಲ್ಲಿ ಎಲ್ಲರೂ ತಾವು ನಿರಪರಾಧಿ ಅನ್ನುತ್ತಾರೆ ಎಂಬ ತಮಾಷೆ ಆ ಚಿತ್ರದಲ್ಲೂ ಇದೆ. ಆದರೆ ರೆಡ್ ಮಾತ್ರ, ಇಲ್ಲಿ ತಪ್ಪು ಮಾಡಿದವನು ತಾನೊಬ್ಬನೇ ಅನ್ನುತ್ತಾನೆ. ನನ್ನ ಹಿಂದಿನ ಸಾಲಿನ ಆಸಾಮಿಯ ಬಾಯಿಗೆ ಬೀಗ ಹಾಕುವ ಮಾತು ಅದು.

3. ಮೊದಲ ಅಭಿಪ್ರಾಯ ತಪ್ಪಾಗಿರಲಿ

ಹೊಸ ಕೈದಿಗಳು ಬಸ್ಸಿನಿಂದ ಇಳಿಯುವಾಗ ಹಳಬರು ಬಾಜಿ ಕಟ್ಟುತ್ತಾರೆ: ಮೊದಲ ರಾತ್ರಿ ಯಾರು ಅಳುತ್ತಾನೆ? ರೆಡ್ ಬಾಜಿ ಕಟ್ಟುವುದು ಆ್ಯಂಡಿಯ ಮೇಲೆ. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಾನೆ ಎಂಬುದು ಅವನ ಅಂದಾಜು. ರಾತ್ರಿ ಆ್ಯಂಡಿ ತುಟಿ ಪಿಟಕ್ ಅನ್ನುವುದಿಲ್ಲ. ರೆಡ್‌ಗೆ ಎರಡು ಪ್ಯಾಕ್ ಸಿಗರೇಟು ನಷ್ಟ.

ನಾಯಕನ ಪರಿಚಯ ನಿರೂಪಕನ ಸೋಲಿನಿಂದ ಆಗಿದೆ ನೋಡಿ. ಇವನು ಗಟ್ಟಿ ಮನುಷ್ಯ ಎಂದು ಯಾರೂ ಹೇಳಲಿಲ್ಲ, ‘ನನ್ನ ಸಿಗರೇಟು ಹೋಯ್ತು’ ಅಂದ ಅಷ್ಟೇ. ಹೊಗಳಿಕೆ ಹೀಗೆ ನಷ್ಟದ ಲೆಕ್ಕದಲ್ಲಿ ಬಂದರೆ ನೋಡುಗ ಅದನ್ನು ಅನುಮಾನಿಸುವುದಿಲ್ಲ.

ಸ್ವಲ್ಪ ಹೊತ್ತಿನ ನಂತರ, ಇಬ್ಬರೂ ಮೊದಲ ಸಲ ಮಾತಾಡಿದ ಮೇಲೆ, ರೆಡ್ ದನಿ ಆ್ಯಂಡಿಯ ನಡಿಗೆಯನ್ನು ವರ್ಣಿಸುತ್ತದೆ. ಪಾರ್ಕಿನಲ್ಲಿ ಅಡ್ಡಾಡುವವನ ಹಾಗೆ ನಡೆಯುತ್ತಾನೆ, ಈ ಜಾಗ ತಾಗದಂತೆ ಕಾಣದ ಕೋಟು ತೊಟ್ಟ ಹಾಗೆ. ಕೋರ್ಟಿನಲ್ಲಿ ನ್ಯಾಯಾಧೀಶರನ್ನು ನಡುಗಿಸಿದ್ದು ಇದೇ ತಣ್ಣಗಿನ ಸ್ವಭಾವ! ಮನುಷ್ಯ ಅವನೇ, ಮುಖ ಅದೇ. ಅಲ್ಲಿ ಅದು ಕೊಲೆಗಾರನ ಲಕ್ಷಣವಾಗಿತ್ತು, ಇಲ್ಲಿ ಕೋಟಾಯಿತು. ನಟನೆ ಬದಲಾಗಿಲ್ಲ, ಬೆಳಕು ಬದಲಾಗಿಲ್ಲ, ನೋಡುವ ಕಣ್ಣಿಗೆ ಬೇರೆ ಮಾತು ಸಿಕ್ಕಿದೆ. ಹಿನ್ನೆಲೆ ದನಿ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಜಾಗಗಳನ್ನು ಒಂದರ ಹಿಂದೊಂದು ಹಾಕಿ ತೋರಿಸುತ್ತೇನೆ.

ತಮಾಷೆಯೆಂದರೆ, ಅದೇ ಮಾತಿನ ಕೊನೆಗೆ ರೆಡ್, ತನಗೆ ಆ್ಯಂಡಿ ಮೊದಲಿನಿಂದಲೂ ಇಷ್ಟವಾಗಿದ್ದ ಅನ್ನುತ್ತಾನೆ. ಸುಳ್ಳು. ಬಸ್ಸಿನಿಂದ ಇಳಿದಾಗ ಏನೂ ಅನ್ನಿಸಿರಲಿಲ್ಲ ಎಂದು ಅವನ ಬಾಯಿಂದಲೇ ಕೇಳಿದ್ದೇವೆ. ಗೆಳೆತನ ಹಳತಾದ ಮೇಲೆ ನಾವೂ ಹೀಗೇ ತಾನೆ, ‘ನೋಡಿದ ದಿನವೇ ಅನ್ಕೊಂಡೆ’ ಎಂದು ಹೇಳಿಕೊಳ್ಳುವುದು? ಇದು ಬರಹಗಾರರ ಅಜಾಗರೂಕತೆಯೋ ಜಾಣತನವೋ, ಕೇಳುವಾಗ ಮಾತ್ರ ಪ್ರೀತಿಯ ಹಾಗೆ ಕೇಳಿಸುತ್ತದೆ. ನಿಮ್ಮ ನಿರೂಪಕನ ಮಾತಿನಲ್ಲೂ ಇಂಥ ಒಂದು ಸಣ್ಣ ತಪ್ಪು ಲೆಕ್ಕ ಇರಲಿ, ತಿದ್ದಲು ಹೋಗಬೇಡಿ.

4. ಏಟು ಬೀಳುವಾಗ ದನಿ ಎಲ್ಲಿರಬೇಕು

ಜೈಲಿನ ಸಿನಿಮಾದಲ್ಲಿ ಹಿಂಸೆ ತಪ್ಪದು. ಅದನ್ನು ಪೂರ್ತಿ ತೋರಿಸಿದರೆ ನೋಡುಗ ಮುಖ ತಿರುಗಿಸುತ್ತಾನೆ, ತೋರಿಸದಿದ್ದರೆ ಜೈಲು ಹಾಸ್ಟೆಲ್ ಆಗಿಬಿಡುತ್ತದೆ. ಈ ಇಕ್ಕಟ್ಟಿನಲ್ಲಿ ದನಿ ಉಪಯೋಗಕ್ಕೆ ಬರುತ್ತದೆ.

ಆ್ಯಂಡಿಯ ಮೇಲೆ ಒಂದು ಗುಂಪು ಎರಗುತ್ತದೆ. ಆಗ ರೆಡ್ ದನಿ ಬರುತ್ತದೆ. ಅವನು ಚೆನ್ನಾಗಿ ಕಾದಾಡಿ ಪಾರಾದ ಎಂದು ಹೇಳುವ ಆಸೆ ತನಗಿದೆ, ಆದರೆ ಜೈಲು ಅಂದರೆ ಅಜ್ಜಿ ಕಥೆಯಲ್ಲ ಎಂಬರ್ಥದ ಮಾತು. ವಿವರ ಒಂದೂ ಇಲ್ಲ. ಆದರೆ ಹೇಳಲಾಗದ್ದನ್ನು ಹೇಳಬೇಕಾಗಿ ಬಂದವನ ಮುಜುಗರ ಇದೆ. ಏಟು ತಿಂದವನ ನೋವಿಗಿಂತ ಅದನ್ನು ತಡೆಯಲಾಗದೆ ನಿಂತವನ ಸಂಕಟ ನಮಗೆ ಹತ್ತಿರ, ಯಾಕೆಂದರೆ ನಾವೂ ಸೀಟಿನಲ್ಲಿ ಕೂತು ಅದನ್ನೇ ಮಾಡುತ್ತಿದ್ದೇವೆ.

ಈಗ 1949ರ ಛಾವಣಿಯ ದೃಶ್ಯಕ್ಕೆ ಬನ್ನಿ. ಕೈದಿಗಳು ಕಾರ್ಖಾನೆಯ ಮಾಡಿಗೆ ಡಾಂಬರು ಬಳಿಯುತ್ತಿದ್ದಾರೆ. ಕಾವಲಿನ ಮುಖ್ಯಸ್ಥ ಹ್ಯಾಡ್ಲಿ ತನ್ನ ಆಸ್ತಿ, ತೆರಿಗೆಯ ಗೋಳು ಹೇಳಿಕೊಳ್ಳುವಾಗ ಆ್ಯಂಡಿ ನಡುವೆ ಬಾಯಿ ಹಾಕುತ್ತಾನೆ. ಹ್ಯಾಡ್ಲಿ ಅವನನ್ನು ಮಾಡಿನ ಅಂಚಿಗೆ ತಳ್ಳಿ ಹಿಡಿಯುತ್ತಾನೆ. ಇಲ್ಲಿ ದನಿ ಇಲ್ಲವೇ ಇಲ್ಲ. ಬೀಳುತ್ತಾನೋ ಉಳಿಯುತ್ತಾನೋ ಎಂಬ ಹೊತ್ತಿನಲ್ಲಿ, ಈ ಕಥೆಯನ್ನು ಮುಂದೊಂದು ದಿನ ನೆನೆದು ಹೇಳುವವನೊಬ್ಬ ಇದ್ದಾನೆ ಎಂಬ ಸುಳಿವು ಸಿಕ್ಕರೂ ಭಯ ಇಳಿದುಹೋಗುತ್ತದೆ. ಅಪಾಯ ಕಳೆದ ಮೇಲೆ, ಹ್ಯಾಡ್ಲಿಯ ತೆರಿಗೆ ಉಳಿಸಿಕೊಡುವ ಕೆಲಸಕ್ಕೆ ಪ್ರತಿಯಾಗಿ ಆ್ಯಂಡಿ ಕೊಡಿಸಿದ ತಣ್ಣನೆಯ ಬಿಯರನ್ನು ಎಲ್ಲರೂ ಸಾಲಾಗಿ ಕೂತು ಕುಡಿಯುವಾಗ, ದನಿ ಮರಳುತ್ತದೆ. ಆ್ಯಂಡಿ ಮಾತ್ರ ನೆರಳಲ್ಲಿ ಕೂತು, ಕುಡಿಯದೆ, ನೋಡಿ ನಗುತ್ತಿರುತ್ತಾನೆ.

ನಾನು ಮಾಡಿಕೊಂಡ ನಿಯಮ ಇದು: ಗಾಯದ ಮೇಲೆ ದನಿ ಇರಬಹುದು, ಗಂಡಾಂತರದ ಮೇಲೆ ಬೇಡ. ಯಕ್ಷಗಾನದಲ್ಲಿ ಒಳ್ಳೆಯ ಭಾಗವತರು ಪಾತ್ರಧಾರಿ ಕುಣಿಯುವ ಜಾಗದಲ್ಲಿ ತಾವು ತಗ್ಗುತ್ತಾರಲ್ಲ, ಅದೇ ವಿವೇಕ.

5. ‘ನನಗೆ ಗೊತ್ತಿಲ್ಲ’ ಅನ್ನಿಸಿ

ಆ ಛಾವಣಿಯ ಮೇಲೇ ಇನ್ನೊಂದು ಪಾಠವಿದೆ. ಆ್ಯಂಡಿ ಹಾಗೇಕೆ ಮಾಡಿದ? ಕಾವಲುಗಾರರ ಮರ್ಜಿ ಹಿಡಿಯಲು ಇರಬಹುದು, ಕೈದಿಗಳ ಗೆಳೆತನ ಸಂಪಾದಿಸಲು ಇರಬಹುದು ಎಂದು ರೆಡ್ ಎರಡು ಕಾರಣ ಮುಂದಿಡುತ್ತಾನೆ. ಆಮೇಲೆ, ನನ್ನನ್ನು ಕೇಳಿದರೆ ಸ್ವಲ್ಪ ಹೊತ್ತಾದರೂ ಸಾಮಾನ್ಯ ಮನುಷ್ಯನಂತೆ ಇರಬೇಕು ಅನ್ನಿಸಿ ಮಾಡಿದ ಎಂದು ತನ್ನದೊಂದು ಸೇರಿಸುತ್ತಾನೆ. ಮೊದಲೆರಡು ಸ್ವಾರ್ಥದ ಕಾರಣಗಳನ್ನು ನೋಡುಗನೇ ಎತ್ತುವ ಮೊದಲು ನಿರೂಪಕ ಎತ್ತಿಬಿಟ್ಟ. ಸಂಶಯಪಡುವವನಿಗೆ ಇನ್ನು ಹೇಳಲು ಏನೂ ಉಳಿಯಲಿಲ್ಲ.

ಧ್ವನಿವರ್ಧಕದಲ್ಲಿ ಮೊಜಾರ್ಟ್ ಸಂಗೀತ ಹರಿಯುವ ದೃಶ್ಯದಲ್ಲಿ ಅಜ್ಞಾನವೇ ಬಂಡವಾಳ. ಆ ಇಬ್ಬರು ಹೆಂಗಸರು ಏನು ಹಾಡಿದರೋ ತನಗೆ ಇವತ್ತಿಗೂ ತಿಳಿಯದು, ತಿಳಿಯುವುದೂ ಬೇಡ ಅನ್ನುತ್ತಾನೆ ರೆಡ್. ಅದು ‘ಫಿಗಾರೊನ ಮದುವೆ’ ಆಪೆರಾದ ಒಂದು ಯುಗಳಗೀತೆ; ಇಬ್ಬರು ಹೆಂಗಸರು ಸೇರಿ ಗಂಡಸೊಬ್ಬನನ್ನು ಬಲೆಗೆ ಕೆಡವಲು ಪತ್ರ ಬರೆಯುವ ಸನ್ನಿವೇಶ. ಅರ್ಥ ಗೊತ್ತಿರುವ ನಿರೂಪಕ ಅದನ್ನು ವಿವರಿಸಲು ನಿಂತಿದ್ದರೆ ಅಂಗಳದಲ್ಲಿ ತಲೆಯೆತ್ತಿ ನಿಂತ ಅಷ್ಟೂ ಕೈದಿಗಳು ಪಾಠ ಕೇಳುವ ಹುಡುಗರಾಗುತ್ತಿದ್ದರು.

ನಿಮ್ಮ ಕರಡಿನಲ್ಲಿ ನಿರೂಪಕ ಖಚಿತವಾಗಿ ಹೇಳಿದ ಪ್ರತಿ ಮಾತಿಗೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಮೂರರಲ್ಲಿ ಒಂದನ್ನಾದರೂ ಊಹೆಯಾಗಿ ಬದಲಿಸಿ.

6. ಮುಚ್ಚಿಡುವುದನ್ನು ಕಲಿಯಿರಿ, ಆದರೆ ಲೆಕ್ಕ ಇಡಿ

ರೆಡ್ ಕಥೆ ಹೇಳುತ್ತಿರುವುದು ಎಲ್ಲ ಮುಗಿದ ಮೇಲೆ. ಆ್ಯಂಡಿ 1966ರಲ್ಲಿ ತಪ್ಪಿಸಿಕೊಂಡ ಎಂಬುದು ಅವನಿಗೆ ಮೊದಲೇ ಗೊತ್ತು. ಆದರೂ ಆ್ಯಂಡಿ ಹಗ್ಗ ತರಿಸಿಕೊಂಡ ಎಂದು ತಿಳಿದು, ನೇಣು ಹಾಕಿಕೊಂಡಾನೆಂದು ಹೆದರಿ ಕಳೆದ ರಾತ್ರಿಯನ್ನು ಹೇಳುವಾಗ, ಅದು ತನ್ನ ಬಾಳಿನ ಅತಿ ದೀರ್ಘ ರಾತ್ರಿ ಅನ್ನುತ್ತಾನೆಯೇ ಹೊರತು ಬೆಳಗ್ಗೆ ಏನಾಯಿತೆಂದು ಬಾಯಿ ಬಿಡುವುದಿಲ್ಲ. ಇದು ನೋಡುಗನಿಗೆ ಮಾಡಿದ ಮೋಸವಲ್ಲವೇ? ಅಲ್ಲ. ರೆಡ್ ಆ ರಾತ್ರಿ ಪಟ್ಟ ಸಂಕಟವನ್ನು ನಮಗೂ ಹಂಚುತ್ತಿದ್ದಾನೆ. ಮುಚ್ಚಿಟ್ಟದ್ದು ನಿರೂಪಕ ಆಗ ಪಟ್ಟ ಪಾಡಿಗೆ ಹೊಂದಿದರೆ ನೋಡುಗ ಕ್ಷಮಿಸುತ್ತಾನೆ, ಬರೀ ಬೆಚ್ಚಿಬೀಳಿಸಲು ಮುಚ್ಚಿಟ್ಟರೆ ಕ್ಷಮಿಸುವುದಿಲ್ಲ.

ಆಮೇಲೆ ಬರುತ್ತದೆ ಆ್ಯಂಡಿ ತೆವಳಿಕೊಂಡು ಪಾರಾದ ಕೊಳಚೆ ಪೈಪಿನ ವರ್ಣನೆ. ರೆಡ್ ಅದನ್ನು ನೋಡಿಲ್ಲ, ತನ್ನ ಕೋಣೆಯಲ್ಲಿ ಬೀಗದೊಳಗಿದ್ದ. ಆದರೂ ಕಣ್ಣಾರೆ ಕಂಡವನ ಹಾಗೆ ಹೇಳುತ್ತಾನೆ: ಐದು ನೂರು ಗಜ, ಐದು ಫುಟ್‌ಬಾಲ್ ಮೈದಾನದಷ್ಟು ಉದ್ದ, ಅರ್ಧ ಮೈಲಿಗೆ ಸ್ವಲ್ಪ ಕಡಿಮೆ. ಇಲ್ಲಿ ಒಮ್ಮೆ ಕ್ಯಾಲ್ಕುಲೇಟರ್ ತೆಗೆಯಿರಿ. ಅರ್ಧ ಮೈಲಿ ಅಂದರೆ 880 ಗಜ. 500 ಗಜ ಅಂದರೆ ಸುಮಾರು 457 ಮೀಟರ್, ಅರ್ಧ ಮೈಲಿ ಸುಮಾರು 805 ಮೀಟರ್. ‘ಸ್ವಲ್ಪ ಕಡಿಮೆ’ ಎಲ್ಲಿ ಬಂತು? ಮೊದಲ ನಾಲ್ಕೈದು ಸಲ ನೋಡಿದಾಗ ನನಗೂ ಹೊಳೆದಿರಲಿಲ್ಲ. ಆ ಹೊತ್ತಿಗೆ ದನಿಯ ಮೇಲೆ ಎಷ್ಟು ನಂಬಿಕೆ ಬಂದಿರುತ್ತದೆ ಎಂದರೆ ಅದು ಒಂದು ಮೈಲಿ ಅಂದಿದ್ದರೂ ಒಪ್ಪುತ್ತಿದ್ದೆವೇನೋ. ನಂಬಿಕೆ ಹುಟ್ಟಿದ ಮೇಲೆ ನಿರೂಪಕನಿಗೆ ಇಂಥ ಸಲಿಗೆ ಸಿಗುತ್ತದೆ. ಅದಕ್ಕೇ ಅದನ್ನು ಚಿತ್ರದ ಮೊದಲರ್ಧದಲ್ಲಿ ಖರ್ಚು ಮಾಡಿಬಿಡಬೇಡಿ.

7. ಎಲ್ಲ ಹೇಳುವ ದನಿಯೂ ಉಂಟು

ಮೇಲಿನದೆಲ್ಲ ಒಂದು ದಾರಿ. ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿ ನಡೆದವರು ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸ್ಸಾನ್. 1956ರ ಅವರ ಚಿತ್ರದ ಹೆಸರೇ ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡ ಎಂದು ಸಾರುತ್ತದೆ. ಮುಚ್ಚುಮರೆ ಇಲ್ಲ. 1943ರಲ್ಲಿ ಲಿಯೋನ್ ನಗರದ ಮಾಂಟ್‌ಲುಕ್ ಜೈಲಿನಿಂದ ಪಾರಾದ ಆಂದ್ರೆ ದೆವಿನ್ಯಿ ಅವರ ನೆನಪುಗಳು ಆಧಾರ. ಇಲ್ಲಿ ಕೈದಿ ಫಾಂತೇನ್ ತನ್ನ ಕಥೆ ತಾನೇ ಹೇಳುತ್ತಾನೆ. ಚಮಚವನ್ನು ನೆಲಕ್ಕೆ ಉಜ್ಜಿ ಉಳಿಯ ಹಾಗೆ ಮಾಡಿದ್ದು, ಬಾಗಿಲಿನ ಹಲಗೆಗಳ ನಡುವೆ ಕೊರೆದದ್ದು, ಹೆಚ್ಚುಕಡಿಮೆ ನಾವು ನೋಡುತ್ತಿರುವುದನ್ನೇ ಹೇಳುತ್ತಾನೆ. ಚಿತ್ರಕಥೆ ತರಗತಿಗಳಲ್ಲಿ ‘ತೋರಿಸಿದ್ದನ್ನು ಮತ್ತೆ ಹೇಳಬೇಡ’ ಎಂದು ಕಲಿಸುತ್ತಾರಲ್ಲ, ಆ ಪಾಠ ಇಲ್ಲಿ ಮುರಿದುಬೀಳುತ್ತದೆ.

ಯಾಕೆ ಕೆಲಸ ಮಾಡುತ್ತದೆ? ದನಿಯಲ್ಲಿ ಭಾವನೆಯೇ ಇಲ್ಲ. ದಿನಚರಿ ಓದಿದ ಹಾಗೆ. ತನ್ನ ಬಗ್ಗೆ ಮರುಕ ಬೇಡದವನ ಮೇಲೆ ನಮ್ಮ ಮನಸ್ಸು ತಾನಾಗಿ ಹೋಗುತ್ತದೆ. ಕೊನೆಗೆ ಅವನ ಕೋಣೆಗೆ ಜೋಸ್ತ್ ಎಂಬ ಹುಡುಗನನ್ನು ತಂದು ಹಾಕುತ್ತಾರೆ. ಗೂಢಚಾರನಿರಬಹುದು. ಕೊಲ್ಲಬೇಕೋ, ಕರೆದುಕೊಂಡು ಹೋಗಬೇಕೋ? ಈ ಪ್ರಶ್ನೆಯನ್ನೂ ಅದೇ ಸಪಾಟು ದನಿಯಲ್ಲಿ ಕೇಳುವಾಗ ಬೆನ್ನು ತಣ್ಣಗಾಗುತ್ತದೆ. ನಾಯಕ ತನ್ನ ಕಥೆ ತಾನೇ ಹೇಳಲೇಬೇಕು ಅಂತಿದ್ದರೆ ಈ ದಾರಿ ಹಿಡಿಯಿರಿ: ಕೈ ಮಾಡಿದ ಕೆಲಸ ಹೇಳಲಿ, ಎದೆಯ ಕಥೆ ಹೇಳದಿರಲಿ.

ದನಿಯೇ ಬೇಡ ಅನ್ನುವುದೂ ಒಂದು ತೀರ್ಮಾನ. ಜಾಕ್ ಬೆಕೆರ್ ಅವರ 1960ರ ‘ಲ ಟ್ರೂ’ ಚಿತ್ರದಲ್ಲಿ, ಅದಕ್ಕೆ ಆಧಾರವಾದ ಜೈಲಿನ ಪಲಾಯನದಲ್ಲಿ ನಿಜವಾಗಿ ಪಾಲ್ಗೊಂಡವನೊಬ್ಬ ಆರಂಭದಲ್ಲಿ ಕ್ಯಾಮೆರಾಕ್ಕೆ ಮುಖಕೊಟ್ಟು ಇದು ತನ್ನದೇ ಕಥೆ ಎಂದು ಹೇಳಿ ಹೋಗುತ್ತಾನೆ. ಆಮೇಲೆ ಕಾಂಕ್ರೀಟು ಒಡೆಯುವ ಸದ್ದು.

8. ಒಮ್ಮೆಯಾದರೂ ದನಿಯನ್ನು ಇನ್ನೊಬ್ಬರಿಗೆ ಕೊಡಿ

ಶಾಶಾಂಕ್‌ನಲ್ಲಿ ನನ್ನನ್ನು ಪ್ರತಿ ಸಲವೂ ಅಲುಗಿಸುವುದು ಮುದುಕ ಬ್ರೂಕ್ಸ್‌ನ ಭಾಗ. ಐವತ್ತು ವರ್ಷ ಒಳಗಿದ್ದು 1954ರಲ್ಲಿ ಹೊರಬರುತ್ತಾನೆ. ಅಲ್ಲಿ ರೆಡ್ ಸುಮ್ಮನಾಗುತ್ತಾನೆ. ಬ್ರೂಕ್ಸ್ ಗೆಳೆಯರಿಗೆ ಬರೆದ ಪತ್ರ ಅವನದೇ ದನಿಯಲ್ಲಿ ಕೇಳುತ್ತದೆ. ಚಿಕ್ಕವನಿದ್ದಾಗ ಒಂದೇ ಒಂದು ಮೋಟಾರು ಕಂಡಿದ್ದೆ, ಈಗ ಎಲ್ಲೆಲ್ಲೂ ಅವೇ ಎನ್ನುತ್ತಾನೆ. ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬುವ ಕೆಲಸ. ಪಾರ್ಕಿನಲ್ಲಿ ಹಕ್ಕಿಗಳಿಗೆ ಕಾಳು ಹಾಕುತ್ತಾ, ಜೈಲಿನಲ್ಲಿ ತಾನು ಸಾಕಿದ್ದ ಕಾಗೆ ಇತ್ತ ಬಂದೀತೇ ಎಂದು ಕಾಯುತ್ತಾನೆ. ದೂರು ಅನ್ನುವುದನ್ನೂ ಮೆಲ್ಲಗೇ ಹೇಳುತ್ತಾನೆ. ಕೊನೆಗೆ ತೊಲೆಯ ಮೇಲೆ ತನ್ನ ಹೆಸರು ಕೆತ್ತಿ ನೇಣು ಹಾಕಿಕೊಳ್ಳುತ್ತಾನೆ. ಆಗ ದನಿ ನಿಂತಿರುತ್ತದೆ. ಪತ್ರದ ಉಳಿದ ಸಾಲು ಕೇಳುವುದು ಜೈಲಿನ ಅಂಗಳದಲ್ಲಿ, ಆ್ಯಂಡಿಯ ಬಾಯಲ್ಲಿ.

ಇದರ ಫಲ ಸಿಗುವುದು ತುಂಬ ತಡವಾಗಿ. ರೆಡ್ ಹೊರಬಂದಾಗ ಸೇರುವುದು ಅದೇ ಕೋಣೆಯನ್ನು, ಅದೇ ಥರದ ಅಂಗಡಿಯನ್ನು. ನಲವತ್ತು ವರ್ಷ ಅಪ್ಪಣೆ ಕೇಳಿ ಕೇಳಿ ಮೂತ್ರಕ್ಕೆ ಹೋದವನಿಗೆ ಈಗ ಕೇಳದೆ ಹನಿ ಇಳಿಯುವುದಿಲ್ಲ ಎಂದು ಹೇಳುವಾಗ, ಬ್ರೂಕ್ಸ್‌ನ ದನಿ ನಮ್ಮ ಕಿವಿಯಲ್ಲಿ ಇನ್ನೂ ಇರುತ್ತದೆ. ಹೊರಗೆ ಬಂದು ಪತ್ರದ ದನಿಯಲ್ಲಿ ಮಾತಾಡಿದವನಿಗೆ ಏನಾಯಿತು ಎಂದು ನಮಗೆ ಗೊತ್ತಲ್ಲ. ಹೀಗೆ ರೆಡ್‌ನ ಪ್ರತಿ ಮಾತಿನ ಹಿಂದೆ ಒಂದು ಹಗ್ಗ ತೂಗುತ್ತಿರುತ್ತದೆ, ಯಾರೂ ಅದರ ಹೆಸರೆತ್ತದೆ.

9. ಕನ್ನಡದಲ್ಲಿ ಬರೆಯಲು ಕೂತಾಗ

ಕನ್ನಡದ ಮೂರು ಆಯುಧ ನಮಗಿವೆ. ಬಹಳ ಜನ ಬಳಸುವುದೇ ಇಲ್ಲ.

ಮೊದಲನೆಯದು ಸರ್ವನಾಮ. ರೆಡ್ ಮೊದಲಿನಿಂದ ಕೊನೆಯವರೆಗೂ ಆ್ಯಂಡಿಗೆ ಒಂದೇ ಸರ್ವನಾಮ ಬಳಸುತ್ತಾನೆ, ಇಂಗ್ಲಿಷಿನಲ್ಲಿ ಬೇರೆ ಇಲ್ಲ. ಕನ್ನಡದ ನಿರೂಪಕ ಮೊದಲ ವಾಕ್ಯದಲ್ಲೇ ಆರಿಸಬೇಕು: ಅವನು, ಆತ, ಅವರು, ಆಸಾಮಿ, ನಮ್ಮ ಹುಡುಗ. ಇದು ತೊಡಕಲ್ಲ, ಸಂಪತ್ತು. ಬಸ್ಸಿನಿಂದ ಇಳಿದಾಗ ‘ಆಸಾಮಿ’, ಸಿಗರೇಟು ಸೋತಾಗ ‘ಇವನು’, ಗೆಳೆತನವಾದ ಮೇಲೆ ಬರೀ ಹೆಸರು. ಒಂದು ವಿಶೇಷಣವನ್ನೂ ಖರ್ಚು ಮಾಡದೆ ಸಂಬಂಧ ಬೆಳೆದದ್ದು ಕೇಳುತ್ತದೆ. ಜೈಲರ್‌ಗೆ ಎದುರಿನಲ್ಲಿ ‘ಸಾಹೇಬ್ರು’, ಹಿನ್ನೆಲೆಯಲ್ಲಿ ‘ಅವನು’ ಎಂದರೆ, ಆ ಏಕವಚನದಲ್ಲೇ ಇಡೀ ಜೈಲಿನ ಸಿಟ್ಟು ಕೂತಿರುತ್ತದೆ. ಸಾಕ್ಷ್ಯಚಿತ್ರದವರ ಹಾಗೆ ಎಲ್ಲರಿಗೂ ‘ಅವರು’ ಹಚ್ಚಿದರೆ ಇದೆಲ್ಲ ಕೈಬಿಟ್ಟಂತೆ.

ಎರಡನೆಯದು ‘ಅಂತೆ’. ಪೈಪಿನ ಕಥೆ ಹೇಳುವ ರೆಡ್ ಕನ್ನಡಿಗನಾಗಿದ್ದರೆ, ‘ತೆವಳಿಕೊಂಡು ಹೋದ’ ಅನ್ನಬೇಕೋ ‘ಹೋದನಂತೆ’ ಅನ್ನಬೇಕೋ ಎಂದು ಯೋಚಿಸಬೇಕಾಗುತ್ತಿತ್ತು. ‘ಹೋದನಂತೆ’ ಅಂದರೆ ಪ್ರಾಮಾಣಿಕ, ಆದರೆ ಒಂದು ಮಾರು ದೂರ. ‘ಹೋದ’ ಅಂದರೆ ಸುಳ್ಳು, ಆದರೆ ಹತ್ತಿರ. ನಾನಾದರೆ ‘ಅಂತೆ’ಯಿಂದ ಶುರು ಮಾಡಿ ಎರಡು ವಾಕ್ಯದ ನಂತರ ಅದನ್ನು ಉದುರಿಸಿಬಿಡುತ್ತೇನೆ. ‘ಗೋಡೆ ಕೊರೆದಿದ್ದನಂತೆ. ಪೈಪು ಒಡೆದನಂತೆ. ಒಳಗೆ ಇಳಿದ. ತೆವಳಿದ.’ ಕೇಳಿದ ಸುದ್ದಿ ಕಂಡ ಸಂಗತಿಯಾಗುವ ಜಾಗ ಅದು. ನಿರೂಪಕ ಗೆಳೆಯನ ಜೊತೆ ತಾನೂ ಪೈಪಿಗೆ ಇಳಿದ ಹಾಗೆ.

ಮೂರನೆಯದು ಸೀಮೆಯ ಮಾತು. ಕಲಬುರಗಿಯ ಕೈದಿ ಆಕಾಶವಾಣಿ ವಾರ್ತೆಯ ಕನ್ನಡದಲ್ಲಿ ನೆನಪು ಹೇಳಿದರೆ ಅವನ ಕಥೆಯನ್ನು ಸರ್ಕಾರವೇ ಹೇಳಿದಂತಾಗುತ್ತದೆ. ಹಾಗಂತ ಬರೆಯುವವರಿಗೆ ಬಾರದ ಮಾತನ್ನು ನಕಲು ಮಾಡುವುದು ಇನ್ನೂ ಕೆಟ್ಟದ್ದು. ಆ ಸೀಮೆಯವರನ್ನು ಕೂರಿಸಿ, ಪ್ರಸಂಗ ಹೇಳಿ, ಅವರ ಬಾಯಲ್ಲಿ ಬಂದಂತೆ ಬರೆದುಕೊಳ್ಳಿ. ‘ಮೂರು ವರ್ಷ ಮುದ್ದೆ ಮುರಿದೆ’ ಎಂಬ ಮಾತು ಹಳೇ ಮೈಸೂರಿನ ಕಡೆಯವನ ಬಾಯಿಗೆ ಸರಿ, ರೊಟ್ಟಿ ತಿಂದು ಬೆಳೆದವನ ಬಾಯಿಗಲ್ಲ.

10. ರೆಕಾರ್ಡಿಂಗ್

ಚಿಕ್ಕ ಕೋಣೆ, ಗೋಡೆಗೆ ಕಂಬಳಿ, ಫ್ಯಾನ್ ಬಂದ್. ಮೈಕಿಗೆ ಒಂದು ಗೇಣು ಹತ್ತಿರ. ಫ್ರೆಂಚ್ ವಿಮರ್ಶಕ ಮಿಶೆಲ್ ಶಿಯಾನ್, ಸಿನಿಮಾದ ದನಿಯ ಬಗ್ಗೆ 1982ರಲ್ಲಿ ಬರೆದ ಪುಸ್ತಕದಲ್ಲಿ, ನೋಡುಗ ತನ್ನದೇ ಎಂದು ಒಪ್ಪಿಕೊಳ್ಳುವ ದನಿಗೆ ಎರಡು ಗುಣ ಹೇಳುತ್ತಾರೆ: ತೀರ ಹತ್ತಿರ ಇರಬೇಕು, ಪ್ರತಿಧ್ವನಿ ಇರಬಾರದು. ಜೈಲಿನ ಚಿತ್ರಕ್ಕೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. ಬೂಟಿನ ಸದ್ದು, ಕಬ್ಬಿಣದ ಗೇಟು, ಕೂಗು, ಎಲ್ಲವೂ ಕಲ್ಲುಗೋಡೆಗೆ ಬಡಿದು ಮೊಳಗುತ್ತವೆ. ನಿರೂಪಕನ ದನಿ ಮಾತ್ರ ಮೊಳಗುವುದಿಲ್ಲ. ಗೋಡೆ ಮುಟ್ಟದ ಒಂದೇ ವಸ್ತು ಅದು. ಅದಕ್ಕೇ ‘ಗಾಂಭೀರ್ಯ ಬರಲಿ’ ಎಂದು ರಿವರ್ಬ್, ಅಂದರೆ ಕೃತಕ ಮೊಳಗು, ಸೇರಿಸುವ ಸೌಂಡ್ ಎಂಜಿನಿಯರ್ ಜೊತೆ ಜಗಳವಾಡಿಯಾದರೂ ಅದನ್ನು ತೆಗೆಸಿ.

ಕನ್ನಡದ ಪದಗಳು ಉದ್ದ. ಹಾಗಾಗಿ ಪದ ಎಣಿಸಬೇಡಿ, ಗಡಿಯಾರ ಹಿಡಿದು ಓದಿಸಿ ನೋಡಿ. ಎಡಿಟಿಂಗ್‌ಗೆ ಕೂರುವ ಮುಂಚೆ ಮೊಬೈಲಿನಲ್ಲೇ ನಿಮ್ಮ ದನಿಯಲ್ಲಿ ಒಂದು ಕಚ್ಚಾ ಟ್ರ್ಯಾಕ್ ಹಾಕಿಕೊಳ್ಳಿ. ಅದರಲ್ಲಿ ಅರ್ಧದಷ್ಟು ಮಾತು ಬೇಡವೆಂದು ಅಲ್ಲೇ ಗೊತ್ತಾಗುತ್ತದೆ, ಕಲಾವಿದರ ಸಮಯ ಉಳಿಯುತ್ತದೆ.

11. ದನಿ ಸಿಗದವರ ಪಟ್ಟಿ

ಈ ಹೆಜ್ಜೆಯನ್ನು ಎಷ್ಟೋ ಜನ ಬಿಡುತ್ತಾರೆ. ಕಿಂಗ್ ಅವರ ಕಥೆಯಲ್ಲಿ ರೆಡ್‌ನ ಅಪರಾಧ ಏನೆಂದು ಸ್ಪಷ್ಟವಾಗಿ ಇದೆ. ಹೆಂಡತಿಯ ಕಾರಿನ ಬ್ರೇಕು ಕೆಡಿಸುತ್ತಾನೆ, ಅವಳು ದಾರಿಯಲ್ಲಿ ನೆರೆಮನೆಯ ಹೆಂಗಸನ್ನೂ ಅವಳ ಮಗುವನ್ನೂ ಹತ್ತಿಸಿಕೊಳ್ಳುತ್ತಾಳೆ, ಮೂವರೂ ಸಾಯುತ್ತಾರೆ. ಸಿನಿಮಾದಲ್ಲಿ ಇದಿಲ್ಲ. ಕೊಲೆ ಎಂಬ ಒಂದು ಪದದಲ್ಲಿ ಮುಗಿದಿದೆ. ಆ ಮಗುವಿನ ಸಂಗತಿ ಮೊದಲ ಹದಿನೈದು ನಿಮಿಷದಲ್ಲಿ ಬಂದಿದ್ದರೆ, ಫ್ರೀಮನ್ ದನಿ ಎಷ್ಟೇ ಬೆಚ್ಚಗಿದ್ದರೂ ನಾವು ಅದರ ಮಡಿಲಲ್ಲಿ ತಲೆಯಿಡುತ್ತಿದ್ದೆವೇ? ನನಗೆ ಅನುಮಾನ. ಡರಬಾಂಟ್ ಮಾಡಿದ್ದು ತಪ್ಪು ಅನ್ನುತ್ತಿಲ್ಲ. ಮರುಕಕ್ಕೆ ತೆತ್ತ ಬೆಲೆ ಅದು, ತೆತ್ತಿದ್ದಾರೆ ಎಂದು ತಿಳಿದಿರಬೇಕು. ಆ್ಯಂಡಿಯ ಹೆಂಡತಿಗೂ ಆ ಚಿತ್ರದಲ್ಲಿ ಹೇಳಿಕೊಳ್ಳಲು ಅವಕಾಶವಿಲ್ಲ.

ನಿಮ್ಮ ಚಿತ್ರದಲ್ಲಿ ಸತ್ತವರು, ನೊಂದವರು, ಹೊರಗೆ ಕಾಯುತ್ತಿರುವ ಹೆಂಡತಿ ಮಕ್ಕಳು ಯಾರ್‍ಯಾರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅವರಲ್ಲಿ ಒಬ್ಬರ ಹೆಸರಾದರೂ ನಿರೂಪಕನ ಬಾಯಲ್ಲಿ ಬರಲಿ. ಬಂದಾಗ ಅವನ ಮಾತು ತಡವರಿಸಲಿ.

12. ದನಿ ನಿಲ್ಲಬೇಕಾದ ಜಾಗ

1967ರಲ್ಲಿ ರೆಡ್ ಮೂರನೇ ಸಲ ಮಂಡಳಿಯ ಎದುರು ಕೂರುತ್ತಾನೆ. ಈ ಸಲ ಬಾಯಿಪಾಠ ಒಪ್ಪಿಸುವುದಿಲ್ಲ. ಆ ಹಳೇ ಹುಡುಗನ ಜೊತೆ, ಅಂದರೆ ತನ್ನ ಜೊತೆಗೇ, ಮಾತಾಡಿ ಬುದ್ಧಿ ಹೇಳಬೇಕು ಅನ್ನಿಸುತ್ತದೆ, ಆಗುವುದಿಲ್ಲ, ಆ ಹುಡುಗ ಎಂದೋ ಹೋದ ಅನ್ನುತ್ತಾನೆ. ಇಷ್ಟು ದಿನ ನಮಗೆ ಮಾತ್ರ ಕೇಳಿಸುತ್ತಿದ್ದ ದನಿ 1967ರಲ್ಲಿ ಮಂಡಳಿಯವರಿಗೂ ಕೇಳುತ್ತದೆ. ಎರಡು ದನಿ ಇದ್ದವನು ಒಂದಾದ. ಹಿನ್ನೆಲೆ ದನಿಯ ಕೆಲಸ ಅಸಲಿಗೆ ಇಲ್ಲಿ ಮುಗಿಯಿತು. ನಿಮ್ಮ ಚಿತ್ರಕಥೆಯಲ್ಲೂ ಇಂಥ ಒಂದು ದೃಶ್ಯ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಆ ದನಿ ಬರೀ ಅಲಂಕಾರವಾಗಿರುವ ಸಾಧ್ಯತೆ ಹೆಚ್ಚು.

ಕೊನೆಗೆ ರೆಡ್ ಬಸ್ಸು ಹತ್ತುತ್ತಾನೆ. ಆಗ ಕಾಲ ಬದಲಾಗುತ್ತದೆ. ಇಷ್ಟೂ ಹೊತ್ತು ಆಗಿಹೋದದ್ದನ್ನು ಹೇಳುತ್ತಿದ್ದವನು ಈಗ ಆಗುತ್ತಿರುವುದನ್ನು ಹೇಳುತ್ತಾನೆ: ಗಡಿ ದಾಟುವೆನೆಂಬ ಆಸೆ, ಗೆಳೆಯ ಸಿಗುವನೆಂಬ ಆಸೆ. ಎಲ್ಲ ಗೊತ್ತಿದ್ದ ನಿರೂಪಕನಿಗೆ ಮುಂದಿನದು ಗೊತ್ತಿಲ್ಲ, ನಮ್ಮಷ್ಟೇ. ಕನ್ನಡದಲ್ಲಿ ‘ಹೋದೆ, ಕಂಡೆ’ ಎಂದು ಬಂದ ದನಿ ‘ಹೊರಟಿದ್ದೇನೆ’ ಎಂಬಲ್ಲಿಗೆ ಬಂದು ನಿಲ್ಲಬೇಕು. ಈ ಕೊನೆಯ ಸಾಲುಗಳನ್ನು ಉಳಿದವುಗಳ ಜೊತೆ ಓದಿಸಬೇಡಿ, ಬೇರೆ ದಿನ ಕರೆಸಿ, ನಿಲ್ಲಿಸಿಕೊಂಡು ಓದಿಸಿ. ಕೂತು ಹೇಳುವ ದನಿಗೂ ಹೊರಟು ನಿಂತವನ ದನಿಗೂ ಉಸಿರಿನಲ್ಲೇ ವ್ಯತ್ಯಾಸ ಇರುತ್ತದೆ. ಆಮೇಲೆ ಸಮುದ್ರ ದಂಡೆಯಲ್ಲಿ ಇಬ್ಬರೂ ಸಿಗುವಾಗ ಕ್ಯಾಮೆರಾ ದೂರ ಇದೆ, ಸಂಗೀತ ಮಾತ್ರ ಇದೆ. ಒಬ್ಬರ ಮಾತೂ ಕೇಳುವುದಿಲ್ಲ. ಅಲ್ಲಿಗೆ ಬಂದಾಗ ನೀವೂ ಟ್ರ್ಯಾಕ್ ಖಾಲಿ ಬಿಡಿ.